ಭಾವಮೈದನ ಬಾಟಲಿಗೆ ಒಂದು ಕೈ ಹೆಚ್ಚು

ಕೆರೆಗೆ ಸೇರುವ ಕೊಳೆಯನ್ನು ಅಳೆಯುವ ಕೆಲಸ ನಮ್ಮವರಿಗೆ ಸಿಕ್ಕಿದ ದಿನ ಅವರು ಮನೆಯೊಳಗೆ ಬಂದ ಠೀವಿ ನೋಡಿ, ನಮ್ಮ ಬಾಗಿಲು ಇಷ್ಟು ಚಿಕ್ಕದಿತ್ತೇ ಎಂದು ನನಗೇ ಅನುಮಾನವಾಯಿತು. ಅಲ್ಲಿಯವರೆಗೆ ಅವರು ನೀರಿನ ಇಲಾಖೆಯ ಉಗ್ರಾಣದಲ್ಲಿ ಕೂತು ನಲ್ಲಿ, ಪೈಪು, ವಾಷರುಗಳನ್ನು ಕೇಳಿದವರಿಗೆ ಕೊಡುತ್ತಿದ್ದರು. ಕೇಳದವರಿಗೆ ಅವುಗಳ ಗುಣಾವಗುಣ ವಿವರಿಸುತ್ತಿದ್ದರು. ಅಷ್ಟರಲ್ಲಿ ಹಳ್ಳದ ನೀರು ಹಿಡಿದು ತರುತ್ತಿದ್ದ ಹಳಬರು ನಿವೃತ್ತರಾದರು. ಆ ಜಾಗಕ್ಕೆ ಯಾರು ಎಂದು ಕಚೇರಿಯಲ್ಲಿ ಮಾತು ಬಂದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಮೊಣಕಾಲು ನೋವಿನ ಕಥೆ ಹೇಳಿದರಂತೆ. ನಮ್ಮವರು ಒಬ್ಬರೇ ಏನೂ ಹೇಳಲಿಲ್ಲ. ಅವರು ಆಗ ಚಹಾ ಕುಡಿಯಲು ಹೋಗಿದ್ದರು. ವಾಪಸು ಬರುವಷ್ಟರಲ್ಲಿ ಅವರ ಒಪ್ಪಿಗೆ ಆಗಿಹೋಗಿತ್ತು.

ಕೆಲಸ ಇಷ್ಟು. ನಮ್ಮ ಊರಿನ ಕೆರೆ ಕೆಲವು ವರ್ಷಗಳಿಂದ ಪಾಚಿಕಟ್ಟಿ ಹಸಿರಾಗುತ್ತಿತ್ತು. ಮೂರು ಹಳ್ಳಗಳು ಅದಕ್ಕೆ ಬಂದು ಸೇರುತ್ತವೆ. ಒಂದು ಗುಡ್ಡದ ಕಡೆಯಿಂದ, ಒಂದು ನಮ್ಮ ಬೀದಿಯ ಹಿತ್ತಿಲುಗಳ ಹಿಂದಿನಿಂದ, ಇನ್ನೊಂದು ಲಾಂಡ್ರಿಯ ಪಕ್ಕದಿಂದ. ಯಾವ ಹಳ್ಳ ಎಷ್ಟು ಕೊಳೆ ತರುತ್ತದೆ ಎಂದು ತಿಳಿಯಲು ವಾರಕ್ಕೊಮ್ಮೆ ಒಂದೊಂದಕ್ಕೂ ಇಳಿದು ಒಂದು ಬಾಟಲಿ ನೀರು ಹಿಡಿಯಬೇಕು. ಅಳತೆಕೋಲು ನಿಲ್ಲಿಸಿ ಆಳ ನೋಡಬೇಕು. ಹರಿವಿನ ವೇಗ ತಿಳಿಯಲು ಒಂದು ಕಿತ್ತಳೆಹಣ್ಣನ್ನು ತೇಲಿಬಿಟ್ಟು, ಅದು ಒಂದು ಗೂಟದಿಂದ ಇನ್ನೊಂದು ಗೂಟಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಬೇಕು. ಆಮೇಲೆ ಬಾಟಲಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಚೇರಿಯ ಲ್ಯಾಬಿಗೆ ತಲುಪಿಸಬೇಕು. ಉಳಿದದ್ದೆಲ್ಲ ಲ್ಯಾಬಿನ ಮೇಡಂ ಕೆಲಸ. ಆಕೆ ನೀರಿನಲ್ಲಿ ರಂಜಕ ಎಂಬ ವಸ್ತು ಎಷ್ಟಿದೆ ಎಂದು ನೋಡುತ್ತಾರೆ. ಗೊಬ್ಬರದಲ್ಲಿ, ಸೋಪಿನ ಪುಡಿಯಲ್ಲಿ ಇರುವಂಥದ್ದು ಅದು. ಕೆರೆಗೆ ಹೋದರೆ ಪಾಚಿಗೆ ಹಬ್ಬದೂಟ.

ಕಚೇರಿಯವರು ಕೊಟ್ಟ ರಬ್ಬರ್ ಬೂಟು ಹಳಬರ ಕಾಲಿನ ಅಳತೆಯದು. ನಮ್ಮವರು ಮುಂದುಗಡೆ ಹಳೆಯ ಪೇಪರು ತುರುಕಿಕೊಂಡು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಕಿತ್ತಳೆಯ ಚೀಲ ಹಿಡಿದು ಬೀದಿಯಲ್ಲಿ ಹೊರಟರೆ, ಬೂಟು ಒಂದು ಹೆಜ್ಜೆ ಹಾಕಿದ ಮೇಲೆ ಕಾಲು ಇನ್ನೊಂದು ಹೆಜ್ಜೆ ಹಾಕುತ್ತಿತ್ತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಗೇಟಿನ ಬಳಿ ನಿಲ್ಲಿಸಿ, ಏನು ಸ್ವಾಮಿ ಇದು ವೇಷ ಎಂದು ಕೇಳಿದರು. ಕೆರೆಯ ಆರೋಗ್ಯ ಇನ್ನು ಮೇಲೆ ನನ್ನ ಕೈಯಲ್ಲಿದೆ ಎಂದರು ನಮ್ಮವರು. ಪೋಸ್ಟ್‌ಮಾಸ್ಟರು ಆ ಕೈಯಲ್ಲಿದ್ದ ಕಿತ್ತಳೆಗಳನ್ನು ನೋಡಿ, ರೋಗಿಯನ್ನು ನೋಡಲು ಹೋಗುವವರು ಹಣ್ಣು ಒಯ್ಯುವುದು ವಾಡಿಕೆಯೇ ಬಿಡಿ ಎಂದರು. ಎದುರುಮನೆಯ ಹೊಲಿಗೆಯಾಕೆ ಅಂದಿನಿಂದ ಅವರನ್ನು ವಿಜ್ಞಾನಿಗಳು ಎಂದು ಕರೆಯತೊಡಗಿದಳು. ತಮಾಷೆಗೆ ಎಂದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿತ್ತು. ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗಲಿಲ್ಲ.

ಹಳಬರು ಹೋಗುವ ಮುನ್ನ ನಮ್ಮವರಿಗೆ ಒಂದು ಮಾತು ಹೇಳಿದ್ದರು. ಲ್ಯಾಬಿನಿಂದ ಬರುವ ಬಾಟಲಿಯನ್ನು ಏನೂ ಮಾಡಬೇಡಿ. ಹಳ್ಳಕ್ಕೆ ಇಳಿದ ಮೇಲೆ ಅದೇ ಹಳ್ಳದ ನೀರಿನಲ್ಲಿ ಮೂರು ಸಲ ಜಾಲಿಸಿ ಚೆಲ್ಲಿ, ನಾಲ್ಕನೆಯ ಸಲ ತುಂಬಿ, ಮುಚ್ಚಿ. ಇದನ್ನು ಮನೆಯಲ್ಲಿ ಹೇಳುವಾಗ ನಮ್ಮವರು ಮುಖ ಸಿಂಡರಿಸಿದರು.

"ಅಲ್ಲ ಕಣೇ, ಕೊಳೆ ನೀರಲ್ಲಿ ಬಾಟಲಿ ತೊಳೆಯೋದಂತೆ. ಅದೂ ಮೂರು ಸಲ. ಅದಕ್ಕೇ ಇಷ್ಟು ವರ್ಷ ಇವರ ಕೈಲಿ ಏನೂ ಪತ್ತೆಯಾಗಿಲ್ಲ."

ಬಾಟಲಿಗಳನ್ನು ಲ್ಯಾಬಿನಲ್ಲಿ ಆಮ್ಲ ಹಾಕಿ ತೊಳೆದು ಕಳಿಸುತ್ತಾರೆ. ತೊಳೆದು ತೊಳೆದು ಅವು ಮಂಕಾಗಿದ್ದವು. ನಮ್ಮವರ ಕಣ್ಣಿಗೆ ಅದು ಕೊಳೆಯಾಗಿ ಕಂಡಿತು. ಮಾದರಿ ತರುವ ಹಿಂದಿನ ದಿನ ಸಂಜೆ ಬಾಟಲಿಗಳನ್ನು ಮನೆಗೆ ತಂದು, ಅಡುಗೆಮನೆಯ ಸಿಂಕಿನ ಮುಂದೆ ತೋಳು ಮಡಚಿ ನಿಂತರು. ನಮ್ಮ ಮದುವೆಯಾದಾಗಿನಿಂದ ಅವರು ಒಂದು ಚಮಚ ತೊಳೆದದ್ದನ್ನು ನಾನು ನೋಡಿರಲಿಲ್ಲ. ನಮ್ಮ ಅತ್ತೆ ಹಾಲ್‌ನಿಂದ ಎದ್ದು ಬಂದು, ಕನ್ನಡಕ ಹಾಕಿಕೊಂಡು, ಬಾಗಿಲಿಗೆ ಒರಗಿ ನಿಂತು ನೋಡಿದರು.

"ಇವನನ್ನ ಹೆತ್ತಿದ್ದು ಸಾರ್ಥಕ ಆಯ್ತು. ಆ ಕಡೆ ಇರೋ ಬಾಣಲೆನೂ ಹಾಗೇ ಉಜ್ಜಿಬಿಡೋ," ಎಂದರು.

ಅದು ನನ್ನ ಇಲಾಖೆಯಲ್ಲ ಎಂದರು ಅವರ ಮಗ.

ಒಂದು ದೊಡ್ಡ ಚಮಚ ಸೋಪಿನ ಪುಡಿ ಹಾಕಿದರು. ಗಲಗಲ ಅಲ್ಲಾಡಿಸಿದರು. ನೊರೆ ಮೊಣಕೈವರೆಗೆ ಬಂತು. ಆಮೇಲೆ ನಲ್ಲಿಯನ್ನು ಒಂದು ಕ್ಷಣ ತಿರುಗಿಸಿ, ಒಂದೇ ಒಂದು ಸಲ ನೀರು ಆಡಿಸಿ ಚೆಲ್ಲಿ ಬೋರಲು ಹಾಕಿದರು. ಇನ್ನೂ ಜಾರುತ್ತಿದೆಯಲ್ಲ, ಇನ್ನೊಂದೆರಡು ಸಲ ತೊಳೆಯಿರಿ ಎಂದು ನಾನು ಅಂದೆ. ನೀರಿನ ಇಲಾಖೆಯವನೇ ನೀರು ಪೋಲು ಮಾಡಿದರೆ ಊರಿನವರಿಗೆ ಏನು ಹೇಳೋದು ಎಂದು ಕೇಳಿದರು. ಮೂಸಿ ನೋಡಿ, ಎಷ್ಟು ಘಮ್ಮೆನ್ನುತ್ತಿದೆ ನೋಡು ಎಂದು ನನ್ನ ಮೂಗಿನ ಹತ್ತಿರವೂ ಹಿಡಿದರು. ಪಾತ್ರೆ ತೊಳೆಯುವ ಅಭ್ಯಾಸವಿರುವ ಓದುಗರಿಗೆ ಮುಂದಿನ ಕಥೆ ಈಗಲೇ ಹೊಳೆದಿರುತ್ತದೆ. ನನಗೆ ಆಗ ರಂಜಕವೆಂದರೆ ಏನೆಂದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು, ಅದು ಹಳ್ಳದಲ್ಲಿರುತ್ತದೆ ಎಂದು ಗೊತ್ತಿತ್ತು.

ಆ ಸೋಪಿನ ಪುಡಿ ಕೊಟ್ಟವನು ನನ್ನ ತಮ್ಮ. ಮೂರನೆಯ ಹಳ್ಳದ ದಂಡೆಯಲ್ಲಿರುವ ಲಾಂಡ್ರಿ ಅವನದೇ. ಒಂದು ಇಸ್ತ್ರಿಪೆಟ್ಟಿಗೆ, ಒಂದು ಮೇಜಿನಿಂದ ಶುರು ಮಾಡಿ, ಈಗ ಎರಡು ದೊಡ್ಡ ಯಂತ್ರ, ಬಟ್ಟೆ ಮಡಿಸಲು ಇಬ್ಬರು ಹೆಂಗಸರು, ಬಾಗಿಲಿಗೆ ಒಂದು ಗಂಟೆ ಇರುವ ಮಟ್ಟಕ್ಕೆ ತಂದಿದ್ದ. ಒಗೆದ ನೀರು ನೇರ ಹಳ್ಳಕ್ಕೆ ಹೋಗಬಾರದೆಂದು ತಾನೇ ಹಾರೆ ಹಿಡಿದು ತೊಟ್ಟಿಗಳನ್ನು ತೋಡಿ, ಮರಳು ಹಾಸಿ, ನೀರು ತಿಳಿಯಾದ ಮೇಲೆ ಮಾತ್ರ ಹರಿಯುವಂತೆ ಮಾಡಿದ್ದ. ಅಂಗಡಿಗೆ ಬಂದವರಿಗೆ ಬಟ್ಟೆ ಕೊಡುವ ಮುಂಚೆ ತೊಟ್ಟಿ ತೋರಿಸುತ್ತಿದ್ದ.

ನಮ್ಮವರಿಗೂ ನನ್ನ ತಮ್ಮನಿಗೂ ಮೊದಲಿನಿಂದ ಒಂದು ಬಗೆಯ ಪ್ರೀತಿ. ಎದುರಿಗೆ ಸಿಕ್ಕರೆ ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಸಿಗದಿದ್ದರೆ ಎಲ್ಲಿ ಹೋದ, ಎಲ್ಲಿ ಹೋದರು ಎಂದು ನನ್ನ ಪ್ರಾಣ ತಿನ್ನುತ್ತಾರೆ. ಅದಕ್ಕೇ ನಮ್ಮವರು ಲಾಂಡ್ರಿ ಹಳ್ಳದ ಬಾಟಲಿಯನ್ನು ಕೈಗೆತ್ತಿಕೊಂಡಾಗ ಇನ್ನೊಂದು ಚಮಚ ಪುಡಿ ಹಾಕಿದರು.

"ಎಷ್ಟಾದರೂ ಭಾವಮೈದ. ಅವನ ಬಾಟಲಿಗೆ ಒಂದು ಕೈ ಹೆಚ್ಚೇ ಇರಲಿ. ಬಾಟಲಿ ಕೊಳೆ ಅಂತ ಅವನ ಹೆಸರು ಕೆಡಬಾರದು ನೋಡು."

ಮೊದಲ ವಾರದ ಫಲಿತಾಂಶ ಬಂದಾಗ ಕಚೇರಿ ಎದ್ದು ಕೂತಿತು. ಮೂರೂ ಹಳ್ಳಗಳಲ್ಲಿ ರಂಜಕ ಏರಿತ್ತು. ಲಾಂಡ್ರಿ ಹಳ್ಳದಲ್ಲಿ ಏರಿದ್ದಲ್ಲ, ಹಾರಿತ್ತು. ಲ್ಯಾಬಿನ ಮೇಡಂಗೆ ನಂಬಿಕೆಯಾಗದೆ ಯಂತ್ರವೇ ಕೆಟ್ಟಿರಬೇಕೆಂದು ಬಿಚ್ಚಿ ಜೋಡಿಸಿದರಂತೆ. ಕೆರೆ ಅಧಿಕಾರಿಗಳಿಗೆ ಮಾತ್ರ ಅಂಥ ಯಾವ ಸಂಶಯವೂ ಬರಲಿಲ್ಲ. ಕೆರೆ ಯಾಕೆ ಹಸಿರಾಗಿದೆ ಎಂದು ಮೇಲಿನವರು ಕೇಳಿದಾಗಲೆಲ್ಲ ಅವರು ಆಕಾಶದ ಕಡೆ ನೋಡುತ್ತಿದ್ದರು. ಈಗ ನೋಡಲು ಒಂದು ಹಳ್ಳ ಸಿಕ್ಕಿತ್ತು. ನಮ್ಮವರನ್ನು ಕರೆಸಿ, ಇಷ್ಟು ವರ್ಷ ಯಾರ ಕೈಗೂ ಸಿಗದ ಕೊಳೆ ನಿಮ್ಮ ಕೈಗೆ ಸಿಕ್ಕಿದೆ ಎಂದು ಎಲ್ಲರೆದುರು ಬೆನ್ನು ತಟ್ಟಿದರು. ಅವರ ಫೋಟೋ ತೆಗೆಸಿ, ಕೊಳೆಯ ಮೂಲ ಪತ್ತೆಹಚ್ಚಿದವರು ಎಂದು ಕೆಳಗೆ ಬರೆಸಿ ಕಚೇರಿಯ ಗೋಡೆಗೆ ಹಾಕಿಸಿದರು. ಹಾಗೆ ನೋಡಿದರೆ ಆ ಬರಹದಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮವರು ಸಂಜೆ ಮನೆಗೆ ಬಂದು ಈ ಸನ್ಮಾನವನ್ನು ಮೂರು ಬಗೆಯಲ್ಲಿ ಹೇಳಿ ಮುಗಿಸಿದ ಮೇಲೆ, ಯಾವ ಹಳ್ಳವಂತೆ ಎಂದು ನಾನು ಕೇಳಿದೆ. ಆಗ ಅವರ ಮುಖ ಇಳಿಯಿತು. ತಟ್ಟೆಯ ಮುಂದೆ ಕೂತು, ತುತ್ತು ಎತ್ತದೆ, ಅವನು ಅಂಥವನಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಿಗೆ ಮುಖ ಅರಳಿತು. ಬಾಟಲಿ ಸರಿಯಾಗಿ ತೊಳೆದಿರಲಿಲ್ಲವೇನೋ, ಮುಂದಿನ ಸಲ ಇನ್ನೂ ಚೆನ್ನಾಗಿ ತೊಳೀತೀನಿ ಎಂದರು.

ತೊಳೆದರು. ಬಿಸಿನೀರು ಕಾಯಿಸಿಕೊಂಡು, ಬ್ರಷ್ಷು ಹಾಕಿ, ಲಾಂಡ್ರಿಯ ಬಾಟಲಿಯನ್ನು ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಒಳಗೂ ಹೊರಗೂ ನೀವಿದರು. ಎರಡನೆಯ ವಾರದ ಫಲಿತಾಂಶ ಮೊದಲನೆಯದಕ್ಕಿಂತ ಮೇಲಕ್ಕೆ ಹೋಯಿತು.

ಸುದ್ದಿ ಕಚೇರಿಯಿಂದ ಬೀದಿಗೆ ಬರಲು ಬಹಳ ಹೊತ್ತು ಬೇಕಾಗಲಿಲ್ಲ. ಪೋಸ್ಟ್‌ಮಾಸ್ಟರು ಕೆರೆ ಉಳಿಸುವ ಸಮಿತಿ ಕಟ್ಟಿದರು. ಅಧ್ಯಕ್ಷರು ತಾವೇ, ಸದಸ್ಯರು ಯಾರು ಗೇಟಿನ ಮುಂದೆ ಹಾದುಹೋದರೋ ಅವರು. ಇನ್ನು ಮೇಲೆ ಬೀದಿಯ ಒಂದು ಕರ್ಚೀಫೂ ಲಾಂಡ್ರಿಗೆ ಹೋಗಕೂಡದು, ಎಲ್ಲರೂ ಮನೆಯಲ್ಲೇ ಒಗೆದುಕೊಳ್ಳಬೇಕು ಎಂದು ತೀರ್ಮಾನವಾಯಿತು. ಹೊಲಿಗೆಯಾಕೆ ತಾನು ಹೊಲಿದ ಬಟ್ಟೆಗೆ ಇಸ್ತ್ರಿ ಮಾಡಿಸಲು ಮಾತ್ರ ಅಲ್ಲಿಗೆ ಹೋಗುತ್ತೇನೆ, ಇಸ್ತ್ರಿಯಿಂದ ಹಳ್ಳ ಕೆಡುವುದಿಲ್ಲವಲ್ಲ ಎಂದು ಕೇಳಿದ್ದಕ್ಕೆ, ಬಿಸಿ ಗಾಳಿಯೂ ಕೆರೆಗೆ ಒಳ್ಳೆಯದಲ್ಲ ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಬೀದಿಯ ಹಿತ್ತಿಲುಗಳಲ್ಲೆಲ್ಲ ಬಕೆಟ್ಟು, ಬ್ರಷ್ಷು, ನೊರೆ. ಎಂದೂ ಬಟ್ಟೆ ಒಗೆಯದ ಗಂಡಸರು ಕೂಡ ಕೆರೆಯ ಮೇಲಿನ ಪ್ರೀತಿಗೆ ಕಾಲರು ಉಜ್ಜತೊಡಗಿದರು. ಆ ನೊರೆಯೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಸಮಿತಿಯಲ್ಲಿ ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ನನ್ನ ತಮ್ಮ ಬಂದ. ಯಾವಾಗಲೂ ಬಾಗಿಲಿನಿಂದಲೇ ಅಕ್ಕಾ ಹಸಿವು ಎನ್ನುವವನು ಅಂದು ಚಪ್ಪಲಿ ಬಿಟ್ಟು ಸುಮ್ಮನೆ ಬಂದು ಕೂತ. ನಮ್ಮವರು ಊಟಕ್ಕೆ ಬಂದಿದ್ದರು. ಇಬ್ಬರಿಗೂ ಬಡಿಸಿದೆ. ಇಬ್ಬರೂ ತಟ್ಟೆಯನ್ನೇ ನೋಡುತ್ತಿದ್ದರು. ಕೊನೆಗೆ ತಮ್ಮನೇ ಬಾಯಿ ಬಿಟ್ಟ. ಪುಡಿ ಬದಲಾಯಿಸಿದ್ದೇನೆ, ತೊಟ್ಟಿಯ ಮರಳು ಹೊಸದು ಹಾಕಿದ್ದೇನೆ, ಯಾವುದಕ್ಕೂ ಇರಲಿ ಎಂದು ಅಂಗಡಿಯನ್ನೇ ಒಂದು ವಾರ ಮುಚ್ಚುತ್ತೇನೆ, ಆಮೇಲೆ ಅಳೆದು ನೋಡಿ ಎಂದ. ಮಡಿಸುವ ಹೆಂಗಸರಿಬ್ಬರೂ ಏನಾಗುತ್ತದೆ ಎಂದು ದಿನವೂ ಕೇಳುತ್ತಿದ್ದಾರೆ, ಏನು ಹೇಳಲಿ ಎಂದು ನನ್ನ ಕಡೆ ನೋಡಿದ. ನಮ್ಮವರು ಗಂಟಲು ಸರಿಮಾಡಿಕೊಂಡು, ಅಳತೆ ಅಂದ್ರೆ ಅಳತೆ ಕಣಯ್ಯ, ಅದಕ್ಕೆ ನೆಂಟಸ್ತಿಕೆ ಗೊತ್ತಿಲ್ಲ ಎಂದರು. ಆ ವಾರ ಕಳೆದು ಬಾಟಲಿಗಳು ಮನೆಗೆ ಬಂದ ಸಂಜೆ ಅವರು ನೇರ ಸಿಂಕಿನ ಹತ್ತಿರ ಹೋದರು. ಅವತ್ತು ಲಾಂಡ್ರಿಯ ಬಾಟಲಿಗೆ ಬಿದ್ದ ಪುಡಿಯಲ್ಲಿ ನಾನು ಮನೆಯವರೆಲ್ಲರ ಹಾಸಿಗೆ ಹೊದಿಕೆ ಒಗೆಯಬಹುದಿತ್ತು. ಉಜ್ಜುತ್ತಾ ಉಜ್ಜುತ್ತಾ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ಪುಡಿ ಘಾಟು ಎಂದರು. ನಾನೂ ಹೌದು ಎಂದೆ.

ಅಂಗಡಿ ಮುಚ್ಚಿದ ವಾರದ ಫಲಿತಾಂಶ ಎಲ್ಲಕ್ಕಿಂತ ಹೆಚ್ಚಾಗಿ ಬಂತು.

ಇದರಿಂದ ಎಲ್ಲರಿಗೂ ಎಲ್ಲವೂ ಸ್ಪಷ್ಟವಾಯಿತು. ಅಂಗಡಿ ಮುಚ್ಚಿದ ಕೋಪಕ್ಕೆ ಅವನು ಸೋಪಿನ ಪುಡಿಯನ್ನು ಮೂಟೆಗಟ್ಟಲೆ ಹಳ್ಳಕ್ಕೆ ಸುರಿಯುತ್ತಿದ್ದಾನೆ ಎಂದು ಪೋಸ್ಟ್‌ಮಾಸ್ಟರು ಹೇಳಿದರು. ಮೂಟೆ ಹೊತ್ತದ್ದನ್ನು ಕಂಡವರು ಮರುದಿನವೇ ಸಿಕ್ಕರು. ಅದರ ಮರುದಿನ, ಮೂಟೆಯ ಬಣ್ಣ ನೋಡಿದವರೂ ಸಿಕ್ಕರು. ಕೆರೆ ಅಧಿಕಾರಿಗಳು, ಬರುವ ಸೋಮವಾರ ಎಲ್ಲರ ಸಮ್ಮುಖದಲ್ಲಿ ಹಳ್ಳದ ನೀರು ಹಿಡಿದು ನೋಡುತ್ತೇವೆ, ಅಲ್ಲಿಯೂ ಹೆಚ್ಚು ಬಂದರೆ ಅಂದೇ ಲಾಂಡ್ರಿಗೆ ಬೀಗಮುದ್ರೆ ಎಂದು ಅಂಗಡಿಯ ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ನಮ್ಮವರು ಆ ಸಾಹೇಬರ ಹತ್ತಿರ ಹೋಗಿ, ಈ ಕೆಲಸ ನನ್ನಿಂದಾಗದು, ಉಗ್ರಾಣಕ್ಕೇ ಹಾಕಿಬಿಡಿ ಎಂದು ಕೇಳಿಕೊಂಡರಂತೆ. ಸ್ವಂತ ಭಾವಮೈದನನ್ನೂ ಬಿಡದ ನಿಮ್ಮಂಥವರು ಉಗ್ರಾಣದಲ್ಲಿ ಕೊಳೆಯಬಾರದು ಎಂದು ಸಾಹೇಬರು ಇನ್ನೊಮ್ಮೆ ಬೆನ್ನು ತಟ್ಟಿದರಂತೆ. ಆ ಭಾನುವಾರ ನಮ್ಮವರು ಊಟ ಸೇರದೆ ಕೂತಿದ್ದರು. ಅತ್ತೆಗೆ ಮಗನ ಮೇಲೆ ಕರುಣೆ ಬಂದು, ಇನ್ನೊಂದು ಸಲ ತೊಳ್ಕೊಳೋ, ಮನಸ್ಸಿಗೆ ಸಮಾಧಾನ ಆಗುತ್ತೆ ಎಂದರು.

ಸೋಮವಾರ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅತ್ತೆಗೆ ಒಂದು ಕುರ್ಚಿ ಹಾಕಿ ಕೊಡೆ ಹಿಡಿದುಕೊಂಡೆ. ಸಾಹೇಬರು ಕಪ್ಪು ಕನ್ನಡಕದಲ್ಲಿ ಬಂದಿದ್ದರು. ಲ್ಯಾಬಿನ ಮೇಡಂ, ನೋಡಿದರೆ ನಮ್ಮ ಮಗಳ ಕ್ಲಾಸಿನವಳೇನೋ ಅನ್ನುವಷ್ಟು ಚಿಕ್ಕವರು, ಒಂದು ಸಣ್ಣ ಪೆಟ್ಟಿಗೆ ತಂದಿದ್ದರು. ಅಲ್ಲೇ ಹನಿ ಹಾಕಿ ನೋಡುವ ಪೆಟ್ಟಿಗೆ. ನೀರಿನಲ್ಲಿ ರಂಜಕ ಹೆಚ್ಚಿದ್ದಷ್ಟೂ ನೀರು ಹೆಚ್ಚು ನೀಲಿಯಾಗುತ್ತದೆ ಎಂದು ಅವರು ಎಲ್ಲರಿಗೂ ವಿವರಿಸಿದರು. ನನ್ನ ತಮ್ಮ ಅಂಗಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಮಡಿಸುವ ಹೆಂಗಸರು ಅವನ ಎರಡು ಪಕ್ಕದಲ್ಲಿ. ಬೀಗ ತಂದವನು ಬೀಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಿದ್ದ.

ನಮ್ಮವರು ಬೂಟು ಹಾಕಿಕೊಂಡು ಹಳ್ಳಕ್ಕೆ ಇಳಿದರು. ಕಿತ್ತಳೆ ಬಿಟ್ಟರು. ಅದು ಮೊದಲ ಗೂಟ ದಾಟಿ, ನಡುವೆ ಒಂದು ಕಲ್ಲಿಗೆ ತಗುಲಿ, ಅಲ್ಲೇ ಗಿರಗಿರನೆ ತಿರುಗತೊಡಗಿತು. ಜನ ಅದನ್ನು ಹುರಿದುಂಬಿಸಿದರು. ಆಮೇಲೆ ಅವರು ಬಾಟಲಿಯ ಮುಚ್ಚಳ ತೆಗೆದು ಬಗ್ಗಿದರು. ಆಗ ಪೋಸ್ಟ್‌ಮಾಸ್ಟರು ಕೈ ಎತ್ತಿದರು.

"ಒಂದು ನಿಮಿಷ. ಇವರು ಭಾವ, ಅವನು ಭಾವಮೈದ. ಬಾಟಲಿ ಒಳಗೆ ಏನೂ ಬೆರೆಸಿಲ್ಲ ಅಂತ ಏನು ಖಾತ್ರಿ? ಸಮಿತಿಗೆ ಬಾಟಲಿ ಶುದ್ಧವಾಗಿದೆ ಅಂತ ಗೊತ್ತಾಗಬೇಕು."

ಈ ಮಾತು ನಮ್ಮವರ ಮರ್ಮಕ್ಕೆ ನಾಟಿತು. ಏನು ಬೇಕಾದರೂ ಅನ್ನಿ, ಬಾಟಲಿಯ ಶುದ್ಧಿಯ ಬಗ್ಗೆ ಅವರಿಗೆ ಅನ್ನುವಂತಿರಲಿಲ್ಲ. ನೆಟ್ಟಗೆ ನಿಂತರು. ಕಣ್ಣಲ್ಲಿ ಕಿಡಿ.

"ಶುದ್ಧ ಇದೆಯಾ ಅಂತ ಕೇಳ್ತೀರಾ? ಎಲ್ಲರೆದುರಿಗೇ ತೊಳೀತೀನಿ. ನೋಡ್ಕೊಳ್ಳಿ."

ಚೀಲಕ್ಕೆ ಕೈ ಹಾಕಿದರು. ಸೋಪಿನ ಪುಡಿಯ ಡಬ್ಬಿ ತೆಗೆದರು. ತುಂಬಿದ ಚಮಚ ಒಂದು ಹಾಕಿದರು. ಒಂದು ಗಳಿಗೆ ನನ್ನ ತಮ್ಮನ ಕಡೆ ನೋಡಿ, ಇನ್ನೊಂದು ಹಾಕಿದರು. ಸೀಸೆಯಲ್ಲಿ ತಂದಿದ್ದ ನೀರು ಸುರಿದು, ಅಂಗೈ ಮುಚ್ಚಿ, ಊರಿಗೆಲ್ಲ ಕಾಣುವಂತೆ ತಲೆಯ ಮೇಲೆ ಎತ್ತಿ ಅಲ್ಲಾಡಿಸಿದರು. ನೊರೆ ತೋಳಿನ ಮೇಲೆ ಇಳಿದು ಬಂತು. ಚೆಲ್ಲಿದರು. ಒಂದೇ ಒಂದು ಸಲ ನೀರು ಆಡಿಸಿದರು. ಮೂಸಿದರು. ತೃಪ್ತಿಯಿಂದ ತಲೆಯಾಡಿಸಿ, ಪೋಸ್ಟ್‌ಮಾಸ್ಟರ ಮೂಗಿನ ಕಡೆಗೂ ಚಾಚಿದರು. ಒಳ್ಳೇ ವಾಸನೆ ಎಂದು ಅವರು ಒಪ್ಪಬೇಕಾಯಿತು.

ಲ್ಯಾಬಿನ ಮೇಡಂ ಮಾತ್ರ ಅಲ್ಲಾಡದೆ ನಿಂತಿದ್ದರು. ಬಹಳ ಮೆಲ್ಲಗೆ ಕೇಳಿದರು.

"ಸರ್, ನೀವು ದಿನಾ ಹೀಗೇ ತೊಳೀತೀರಾ?"

"ದಿನಾ ಅಲ್ಲ ಮೇಡಂ, ವಾರಕ್ಕೊಮ್ಮೆ. ಆದರೆ ಇವತ್ತು ಇಲ್ಲಿ ಅನುಕೂಲ ಕಮ್ಮಿ. ಮನೇಲಿ ಆದ್ರೆ ಬಿಸಿನೀರು, ಬ್ರಷ್ಷು ಎಲ್ಲ ಇರುತ್ತೆ."

"ಎಲ್ಲ ಬಾಟಲಿಗೂ?"

"ಎಲ್ಲದಕ್ಕೂ. ಇವನದಕ್ಕೆ ಮಾತ್ರ ಒಂದು ಕೈ ಹೆಚ್ಚು." ಇಲ್ಲಿ ಅವರ ದನಿ ಸ್ವಲ್ಪ ನಡುಗಿತು. "ಹೆಂಡತಿಯ ತಮ್ಮ, ಮೇಡಂ. ಅಷ್ಟಾದರೂ ಮಾಡಬೇಕಲ್ಲ."

ಮೇಡಂ ಕೈ ಚಾಚಿದರು. ಬಾಟಲಿಯ ತಳದಲ್ಲಿ ಉಳಿದಿದ್ದ ಎರಡು ಗುಟುಕು ನೀರನ್ನು ಒಂದು ಗಾಜಿನ ನಳಿಕೆಗೆ ಸುರಿದುಕೊಂಡರು. ಆಮೇಲೆ ತಮ್ಮದೇ ಇನ್ನೊಂದು ಬಾಟಲಿ ಹಿಡಿದು, ಚೂಡಿದಾರ ಮೇಲೆತ್ತಿ ಹಳ್ಳಕ್ಕೆ ಇಳಿದು, ಆ ನೀರಿನಲ್ಲೇ ಮೂರು ಸಲ ಜಾಲಿಸಿ ಚೆಲ್ಲಿ ತುಂಬಿದರು. ಕೊಳೆ ನೀರಲ್ಲಿ ತೊಳೆಯುವ ಈ ಅಭ್ಯಾಸ ವಿದ್ಯಾವಂತರಲ್ಲೂ ಇದೆಯಲ್ಲ ಎಂಬಂತೆ ನಮ್ಮವರು ನನ್ನ ಕಡೆ ನೋಡಿದರು. ಎರಡು ನಳಿಕೆಗಳಿಗೂ ಹನಿ ಬಿತ್ತು. ಎಲ್ಲರೂ ಬಗ್ಗಿದರು. ಅತ್ತೆ ಕುರ್ಚಿಯನ್ನೇ ಮುಂದಕ್ಕೆ ಎಳೆಸಿಕೊಂಡರು.

ಹಳ್ಳದ ನೀರು ಇದೆಯೋ ಇಲ್ಲವೋ ಅನ್ನುವ ತೆಳು ನೀಲಿಗೆ ತಿರುಗಿ ನಿಂತಿತು. ನಮ್ಮವರ ಬಾಟಲಿಯ ನೀರು ಮೊದಲು ಆಕಾಶ, ಆಮೇಲೆ ನವಿಲು, ಆಮೇಲೆ ಪೆನ್ನಿನ ಇಂಕು. ಅಲ್ಲಿಗೂ ನಿಲ್ಲಲಿಲ್ಲ.

ಕಲ್ಲಿಗೆ ಸಿಕ್ಕಿದ್ದ ಕಿತ್ತಳೆ ಬಿಡಿಸಿಕೊಂಡು ತನ್ನ ಪಾಡಿಗೆ ಕೆರೆಯ ಕಡೆ ಹೋಯಿತು. ಮೇಡಂ ತಾಳ್ಮೆಯಿಂದ ವಿವರಿಸಿದರು: ರಂಜಕ ಹಳ್ಳದಲ್ಲಿ ಇರಲಿಲ್ಲ, ಬಾಟಲಿಯಲ್ಲಿತ್ತು, ಸೋಪಿನಿಂದ ಬಂತು, ಎಷ್ಟು ತೊಳೆದರೆ ಅಷ್ಟು ಏರಿತು. ನಮ್ಮವರು ಒಂದೊಂದು ಮಾತಿಗೂ ಹೌದು ಹೌದು ಎಂದು ತಲೆಯಾಡಿಸುತ್ತಾ ಬಂದು, ಕೊನೆಯ ಮಾತಿಗೆ ತಲೆಯಾಡಿಸುವುದನ್ನು ನಿಲ್ಲಿಸಿದರು.

"ಹಾಗಾದ್ರೆ ನಾನು ತೊಳೀದೇ ಇದ್ದಿದ್ರೆ..." ಎಂದರು.

"ಅಂಗಡಿ ತೆರೆದೇ ಇರ್ತಿತ್ತು ಭಾವ," ಎಂದ ನನ್ನ ತಮ್ಮ.

ಅವನ ದನಿಯಲ್ಲಿ ಕೋಪವಿತ್ತೋ ನಗುವಿತ್ತೋ ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತಿರಲಿಲ್ಲ. ಬಾಗಿಲು ತೆರೆದು ಒಳಗೆ ಹೋದ. ಮಡಿಸುವ ಹೆಂಗಸರು ಅವನ ಹಿಂದೆ ಹೋದರು. ಒಳಗಿನಿಂದ ಯಂತ್ರ ತಿರುಗುವ ಸದ್ದು ಬಂತು. ಬೀಗ ತಂದವನು ಬೀಗವನ್ನು ಜೇಬಿಗೆ ಹಾಕಿಕೊಂಡ. ಅದು ಜೇಬಿಗಿಂತ ದೊಡ್ಡದಿತ್ತು.

ಸಾಹೇಬರು ಒಂದು ಕ್ಷಣ ಆಕಾಶ ನೋಡಿದರು. ಆಮೇಲೆ, ಅಂತೂ ಕೊಳೆಯ ಮೂಲ ಪತ್ತೆಯಾಯಿತಲ್ಲ, ಅದೇ ಮುಖ್ಯ ಎಂದರು. ಗೋಡೆಯ ಮೇಲಿನ ಫೋಟೋ ತೆಗೆಸಿದರೆ ಹಾಕಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಅದು ಈಗಲೂ ಅಲ್ಲೇ ಇದೆ. ಅಷ್ಟರಲ್ಲಿ ಮೇಡಂ, ಬಂದದ್ದು ಬಂದೆವು, ಉಳಿದ ಎರಡು ಹಳ್ಳಗಳನ್ನೂ ನೋಡಿಬಿಡೋಣ ಎಂದು ಹೊರಟರು. ಗುಡ್ಡದ ಹಳ್ಳ ತೆಳು ನೀಲಿ. ನಮ್ಮ ಬೀದಿಯ ಹಿಂದಿನ ಹಳ್ಳಕ್ಕೆ ಹನಿ ಬಿದ್ದಾಗ ಮಾತ್ರ ನಳಿಕೆ ಗಾಢವಾಗಿ ನೀಲಿಯಾಯಿತು. ಈ ಸಲ ಬಾಟಲಿಯನ್ನು ಯಾರೂ ತೊಳೆದಿರಲಿಲ್ಲ. ಇಲ್ಲಿ ಯಾರಾದರೂ ಈಚೆಗೆ ಬಹಳ ಬಟ್ಟೆ ಒಗೆಯುತ್ತಿದ್ದಾರೆಯೇ ಎಂದು ಮೇಡಂ ಕೇಳಿದರು. ಸಮಿತಿಯ ಸದಸ್ಯರಿಗೆಲ್ಲ ಒಟ್ಟಿಗೇ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅಧ್ಯಕ್ಷರು ಹೋಗುವ ಮುನ್ನ, ಏನೇ ಆಗಲಿ ಲಾಂಡ್ರಿಗೆ ಬಟ್ಟೆ ಕೊಡುವುದಿಲ್ಲ ಎಂಬ ತಮ್ಮ ಮಾತು ಮಾತೇ ಎಂದು ಗಟ್ಟಿಯಾಗಿ ಹೇಳಿ ಹೋದರು. ಹೊಲಿಗೆಯಾಕೆ ಮಾತ್ರ ಹಿಂದೆ ಉಳಿದು, ನನ್ನ ಹತ್ತಿರ ಬಂದು, ನಿಮ್ಮವರನ್ನ ಇನ್ನು ಏನಂತ ಕರೆಯೋದು ಎಂದು ಕೇಳಿದಳು. ಇನ್ನೊಂದೆರಡು ದಿನ ಏನೂ ಕರೆಯಬೇಡಮ್ಮ ಎಂದೆ.

ಆ ವಾರವೆಲ್ಲ ನಮ್ಮವರು ಲಾಂಡ್ರಿಯ ರಸ್ತೆ ಬಿಟ್ಟು ಸುತ್ತುಹಾಕಿ ಕಚೇರಿಗೆ ಹೋದರು. ಕ್ಷಮಿಸು ಎನ್ನುವ ಒಂದು ಮಾತನ್ನು ಕನ್ನಡಿಯ ಮುಂದೆ, ಹಿತ್ತಿಲಿನಲ್ಲಿ, ನನ್ನ ಮುಂದೆ ಹೇಳಿ ನೋಡಿಕೊಂಡರು. ಪ್ರತಿಸಲವೂ ಅದು ಅಳತೆ ಮತ್ತು ಮಾದರಿಯ ಬಗ್ಗೆ ಒಂದು ಭಾಷಣವಾಗಿ ಮುಗಿಯುತ್ತಿತ್ತು. ನೀರು ಹಿಡಿಯುವ ದಿನ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ನಾನು ತಮ್ಮನಿಗೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಜೊತೆಗೆ ಹೋದೆ.

ಲಾಂಡ್ರಿಯ ಪಕ್ಕದಲ್ಲಿ ಅವರು ಹಳ್ಳಕ್ಕೆ ಇಳಿದರು. ಜಾಲಿಸಿದರು, ಚೆಲ್ಲಿದರು, ಜಾಲಿಸಿದರು, ಚೆಲ್ಲಿದರು, ಮೂರು ಆದ ಮೇಲೂ ಯಾವುದಕ್ಕೂ ಇರಲಿ ಎಂದು ಇನ್ನೊಂದು. ಈ ಗಡಿಬಿಡಿಯಲ್ಲಿ ನೀರು ಬೂಟಿನ ಬಾಯಿ ದಾಟಿ ಒಳಗೆ ಹೋಯಿತು. ಕಾಲು ಎತ್ತಲು ಹೋಗಿ ಕೆಸರಿನಲ್ಲಿ ಮೊಣಕಾಲೂರಿದರು. ಬಾಟಲಿ ಮಾತ್ರ ಮೇಲೆತ್ತಿ ಹಿಡಿದಿದ್ದರು. ತಲೆ ಎತ್ತಿದರೆ ದಂಡೆಯ ಮೇಲೆ ನನ್ನ ತಮ್ಮ ನಿಂತಿದ್ದ. ನಮ್ಮವರು ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ನೀರು ಚೆನ್ನಾಗಿದೆ ಕಣಯ್ಯ," ಎಂದರು ಕೊನೆಗೆ.

"ನಿಜವಾಗ್ಲೂ ಚೆನ್ನಾಗಿದ್ರೆ ಒಂದು ಗುಟುಕು ಕುಡೀರಿ ಭಾವ."

ನಮ್ಮವರು ಬಾಟಲಿ ನೋಡಿದರು, ಅವನನ್ನು ನೋಡಿದರು, ನನ್ನನ್ನು ನೋಡಿದರು. ಕೆಸರಿನಲ್ಲಿ ಮೊಣಕಾಲೂರಿದ್ದರೂ ಅವರ ಮುಖದಲ್ಲಿ ಕಚೇರಿಯ ಗಾಂಭೀರ್ಯವಿತ್ತು.

"ನಮ್ಮದು ಅಳೆಯೋದು ಮಾತ್ರ. ಕುಡಿಯೋದು ಬೇರೆ ವಿಭಾಗ."

ನನ್ನ ತಮ್ಮ ನಕ್ಕ. ಅಷ್ಟು ವಾರಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ಒಳಗೆ ಬಟ್ಟೆ ಮಡಿಸುತ್ತಿದ್ದ ಹೆಂಗಸರೂ ಏನೆಂದು ಬಂದು ನೋಡಿ ನಕ್ಕರು. ಅವನು ಕೈ ಕೊಟ್ಟು ಭಾವನನ್ನು ಮೇಲೆಳೆದು, ಈ ಪ್ಯಾಂಟಿನಲ್ಲಿ ಬೀದಿಯಲ್ಲಿ ಹೋಗಬೇಡಿ, ಬಿಚ್ಚಿಕೊಡಿ, ಸಂಜೆಗೆ ಒಗೆದು ಕೊಡ್ತೀನಿ ಎಂದು ಒಳಗೆ ಕರೆದುಕೊಂಡು ಹೋದ. ಬದಲಿಗೆ ಕಪಾಟಿನಿಂದ ಇಸ್ತ್ರಿ ಮಾಡಿಟ್ಟಿದ್ದ ಯಾವುದೋ ಒಂದು ಪ್ಯಾಂಟು ತೆಗೆದುಕೊಟ್ಟ. ಬೂದು ಬಣ್ಣ, ದಪ್ಪ ಗೀಟು, ನಮ್ಮವರಿಗೆ ಕಣಕಾಲಿನಿಂದ ಗೇಣುದ್ದ ಮೇಲೆ.

ಬೀದಿಯಲ್ಲಿ ಬರುವಾಗ ಪೋಸ್ಟ್‌ಮಾಸ್ಟರು ಗೇಟಿನ ಬಳಿ ನಿಂತಿದ್ದರು. ನಮ್ಮವರು ನಮಸ್ಕಾರ ಎಂದರು. ಅವರು ನಮ್ಮವರ ಮುಖ ನೋಡಲಿಲ್ಲ. ಪ್ಯಾಂಟನ್ನು ನೋಡಿದರು. ಗೀಟನ್ನು ನೋಡಿದರು. ಬಾಯಿ ತೆರೆದು, ಆ ಕಡೆ ಈ ಕಡೆ ಸಮಿತಿಯ ಸದಸ್ಯರು ಯಾರಾದರೂ ಇದ್ದಾರೆಯೇ ಎಂದು ನೋಡಿ, ಮತ್ತೆ ಮುಚ್ಚಿಕೊಂಡರು.

"ಚೆನ್ನಾಗಿ ಒಗೆದಿದ್ದಾನೆ ಅಲ್ವಾ ಸಾರ್," ಎಂದರು ನಮ್ಮವರು, ಏನೂ ತಿಳಿಯದೆ.

"ಚೆನ್ನಾಗೇ ಒಗೆದಿದ್ದಾನೆ," ಎಂದರು ಅಧ್ಯಕ್ಷರು. "ಕೂತ್ಕೊಳ್ಳೋವಾಗ ಸ್ವಲ್ಪ ನೋಡ್ಕೊಂಡು ಕೂತ್ಕೊಳ್ಳಿ. ಹೊಸಾದು."